ಅವರ ಪಾಲಿನ ಹಲ್ವಾ

ಡಾಕ್ಟರು ನನಗೆ ಮಾತಾಡಬೇಡ ಎಂದಿದ್ದಾರೆ. ಮೂವತ್ತೆಂಟು ವರ್ಷ ಬಾಯಿ ಮುಚ್ಚದೆ ಬದುಕಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಗಂಟಲಲ್ಲಿ ಗಂಟು ಬೆಳೆದಿದೆಯಂತೆ. ಮಿರಜಕ್ಕೆ ಹೋಗಿ ಕೊಯ್ಯಿಸಿಕೊಳ್ಳಬೇಕಂತೆ. ಅಲ್ಲಿಯವರೆಗೆ ಪಿಸುಮಾತೂ ಬೇಡವಂತೆ. ನಾನು ತಲೆಯಾಡಿಸಿ ಮನೆಗೆ ಬಂದೆ. ಆದರೂ ದಿನಕ್ಕೆ ಎರಡು ಸಲ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವ ಮೊದಲು ಒಮ್ಮೆ, ಬಾಯಿ ಬಿಡುತ್ತೇನೆ. ಬಿಡದಿದ್ದರೆ ನಮ್ಮವರು ಉಣ್ಣುವುದಿಲ್ಲ. ಅದು ಹಠವಲ್ಲ. ಅವರಿಂದ ಉಣ್ಣಲು ಆಗುವುದಿಲ್ಲ.

ನಮ್ಮವರು ಎಂದರೆ ನನ್ನ ಗಂಡ. ಅವರ ಹೆಸರು ಬರಬೇಕಾದ ಕಡೆ ಬರುತ್ತದೆ. ಸುಮ್ಮಸುಮ್ಮನೆ ಗಂಡನ ಹೆಸರು ಎತ್ತುವ ಮನೆತನ ನಮ್ಮದಲ್ಲ. ಏಳನೇ ಇಯತ್ತೆಯವರೆಗೆ ಸಾಲಿ ಕಲಿತವಳು ನಾನು, ಅಕ್ಷರ ಕೆಟ್ಟದಾಗಿವೆ, ಓದುವವರು ಸಹಿಸಿಕೊಳ್ಳಬೇಕು.

ಎಲ್ಲ ತಪ್ಪೂ ನನ್ನ ನಾಲಿಗೆಯದು. ಮಾತಾಡುವ ನಾಲಿಗೆಯೂ ಅದೇ, ರುಚಿ ಹುಡುಕುವ ನಾಲಿಗೆಯೂ ಅದೇ. ದೇವರ ಹಿಪ್ಪರಗಿಗೆ ಮದುವೆಯಾಗಿ ಬಂದ ಮೇಲೆ ಯಾರ ಮನೆಯಲ್ಲಿ ಯಾವ ಹಬ್ಬಕ್ಕೆ ಏನು ಮಾಡುತ್ತಾರೆ ಎಂದು ಕೇಳಿ ಕಲಿಯುವುದೇ ನನ್ನ ಕೆಲಸವಾಗಿತ್ತು. ಮಾರವಾಡಿ ಅಂಗಡಿಯವರ ಮನೆಯ ಮೂಂಗಬೇಳೆ ಸಿಹಿ, ಮರಾಠರ ಮನೆಯ ಕರಂಜಿ, ಏನನ್ನೂ ಬಿಟ್ಟವಳಲ್ಲ. ಒಮ್ಮೆ ಕುಲಕರ್ಣಿಯವರ ಮನೆಯಿಂದ ಎಳ್ಳಿನ ಉಂಡೆಯೊಂದನ್ನು ಕಲಿತು ನನ್ನ ತಮ್ಮನ ನಿಶ್ಚಯದ ದಿನ ಬೀಗರಿಗೆ ಬಡಿಸಿಬಿಟ್ಟೆ. ಅದು ಶ್ರಾದ್ಧಕ್ಕೆ ಮಾಡುವ ಉಂಡೆಯಂತೆ. ಬೀಗರಲ್ಲಿ ಒಬ್ಬರಿಗೆ ಅದು ಗೊತ್ತಿತ್ತು. ಎಲೆ ಬಿಟ್ಟು ಎದ್ದರು. ಆ ಮದುವೆ ಆಗುವಷ್ಟರಲ್ಲಿ ನಮ್ಮಪ್ಪನ ತಲೆ ಬೆಳ್ಳಗಾಯಿತು.

ಅಷ್ಟಾದರೂ ನಾನು ಕಲಿಯಲಿಲ್ಲ. ಪಾತ್ರೆಯಲ್ಲಿ ಏನೇನು ಬೀಳುತ್ತದೆ ಎಂದು ನೂರು ಸಲ ಕೇಳುತ್ತಿದ್ದೆ. ಆ ಪಾತ್ರೆ ಒಲೆಯ ಮೇಲೆ ಯಾಕೆ ಏರಿತು ಎಂದು ಒಂದು ಸಲವೂ ಕೇಳುತ್ತಿರಲಿಲ್ಲ.

ನಮ್ಮವರು ಎಂಜಿನ್ ಮಿಸ್ತ್ರಿ. ಬಾವಿಗೆ ಎಂಜಿನ್ ಕೂಡಿಸುವ ಹುಚ್ಚು ಆಗ ರೈತರಿಗೆ ಹೊಸದಾಗಿ ಹತ್ತಿತ್ತು. ಇಂದು ಇಂಡಿ ಕಡೆ, ನಾಳೆ ಮುದ್ದೇಬಿಹಾಳ ಕಡೆ ಎಂದು ತಿಂಗಳಲ್ಲಿ ಹದಿನೈದು ದಿನ ಹೊರಗೇ ಇರುತ್ತಿದ್ದರು. ಮೈಯೆಲ್ಲ ಎಣ್ಣೆಯ ವಾಸನೆ ಹೊತ್ತು ಬಂದು, ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತರೆ ಅವರು ಉಣ್ಣುವುದನ್ನು ನೋಡಬೇಕು. ಅಡಿಗೆ ಚಲೋ ಆಗಿದೆ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ತಟ್ಟೆಯ ಅಂಚಿಗೆ ಎರಡು ಬೆರಳು ತಾಗಿಸಿ, “ಇನ್ನೊಂದೀಟು ನೀಡು” ಎನ್ನುತ್ತಿದ್ದರು. ಅಷ್ಟೇ. ಆ ಮಾತಿಗಾಗಿಯೇ ನಾನು ಊರೆಲ್ಲ ಅಲೆದು ಅಡಿಗೆ ಕಲಿಯುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾನು ಮಾಡಬೇಕು, ಅವರು ಉಣ್ಣಬೇಕು, ಇಷ್ಟೇ ಸಂಸಾರ.

ಅದು ಐವತ್ತೆಂಟನೆಯ ಇಸವಿ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೂವರೆ ವರ್ಷವೂ ಆಗಿರಲಿಲ್ಲ. ನಮ್ಮವರು ಯಂಕಂಚಿಯಲ್ಲಿ ಒಂದು ಬಾವಿಗೆ ಎಂಜಿನ್ ಕೂಡಿಸಲು ಹೋದವರು ಹೋಳಿ ಹುಣ್ಣಿಮೆಗೂ ಬರಲಿಲ್ಲ. ನಾನು ಹೋಳಿಗೆ ಮಾಡಿ, ಮೊದಲ ಎರಡನ್ನು ಅವರ ಪಾಲೆಂದು ಗೋಡೆಯ ಗೂಡಿನಲ್ಲಿ ಎತ್ತಿಟ್ಟೆ. ಊರಿಗೆ ಹೋದವರ ಪಾಲನ್ನು ಮೊದಲೇ ತೆಗೆದಿಡುವುದು ನಮ್ಮ ಮನೆಯ ರೂಢಿ. ಬಂದರೆ ಉಣ್ಣುತ್ತಾರೆ, ಬರದಿದ್ದರೆ ಮರುದಿನ ಆಕಳಿಗೆ.

ಮರುದಿನ ಗುರುವಾರ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯಿಂದ ತುಪ್ಪದ ವಾಸನೆ ಬಂತು. ಪಕ್ಕದವಳು ಜೈತುನಬಿ. ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡನದು ಸಂತೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ನಡುವೆ ಎದೆಯೆತ್ತರದ ಮಣ್ಣಿನ ಗೋಡೆ. ನಾನು ಗೋಡೆಗೆ ಬಂದು ನಿಂತೆ.

“ಅಕ್ಕಾ, ಏನ ಮಾಡಾಕತ್ತಿ? ವಾಸನಿ ನಮ್ಮ ಮನಿಯೆಲ್ಲಾ ತುಂಬೇತಿ.”

“ಹಲ್ವಾ, ಬಾಳವ್ವಾ. ಇವತ್ತ ಶಬೇಬರಾತ್ ಅಲ್ಲೇನು? ಕಡ್ಲಿಬ್ಯಾಳಿ ಹಲ್ವಾ.”

“ಕಡ್ಲಿಬ್ಯಾಳಿ ನಿನ್ನಿ ನಾನೂ ಕುದಿಸೇನಿ. ನಿಂದ್ಯಾಕ ಹಿಂಗ ಗಮಗಮ ಅಂತೈತಿ?”

“ನೀ ನೀರಾಗ ಕುದಸ್ತಿ, ನಾ ಹಾಲಾಗ ಕುದಸ್ತೇನಿ. ನೀ ಬೆಲ್ಲ ಹಾಕ್ತಿ, ನಾ ಸಕ್ರಿ. ನೀ ಹೂರಣ ಮಾಡಿ ಕಣಕದಾಗ ಮುಚ್ಚಿಡ್ತಿ. ನಾವು ತುಪ್ಪದಾಗ ಹುರದು ಹಂಗ ತಟ್ಟಿಗೆ ಹಾಕ್ತೇವಿ.”

ಅದೇ ಬೇಳೆ! ನನಗೆ ಹೊಟ್ಟೆಕಿಚ್ಚಾಯಿತು. ಅವರ ಮನೆಯಲ್ಲಿ ಬೇಯಿಸಿದ್ದನ್ನು ನಾವು ತಿನ್ನುವ ರೂಢಿ ಆಗ ಇರಲಿಲ್ಲ. ಹಬ್ಬಕ್ಕೆ ಅವರು ನಮಗೆ ಅಕ್ಕಿ ಸಕ್ಕರೆ ಹಸಿಯಾಗಿ ಕಳಿಸುತ್ತಿದ್ದರು, ನಾವೂ ಹಾಗೇ. ಆದರೆ ಕೇಳಿ ಕಲಿತು ನಮ್ಮ ಒಲೆಯ ಮೇಲೆ ಮಾಡಿದರೆ ಯಾರು ಏನನ್ನುತ್ತಾರೆ? ಗೋಡೆಯ ಆ ಕಡೆಯಿಂದ ಜೈತುನಬಿ ಹೇಳುತ್ತ ಹೋದಳು, ಈ ಕಡೆ ನಾನು ಮಾಡುತ್ತ ಹೋದೆ. ಹಾಲು ಇಂಗುವವರೆಗೆ ಕುದಿಸಿ, ಒರಳಲ್ಲಿ ನುಣ್ಣಗೆ ರುಬ್ಬಿ, ಪಾತ್ರೆಯ ಬದಿಯಿಂದ ತುಪ್ಪ ಬಿಡುವವರೆಗೆ ಕೈ ನಿಲ್ಲಿಸದೆ ತಿರುವಿದೆ. ಏಲಕ್ಕಿ ಕುಟ್ಟಿ ಹಾಕಿ ಮೇಲೆ ಗಸಗಸೆ ಉದುರಿಸಿದೆ. ಬಾಯಿಗೆ ಒಂದು ಚೂರು ಹಾಕಿಕೊಳ್ಳಲು ಹೋದವಳನ್ನು ಜೈತುನಬಿ ಗದರಿಸಿದಳು.

“ಓದಿಕಿ ಆಗೋತನಾ ನಾಲಗಿಗೆ ಹಚ್ಚಬ್ಯಾಡ! ಹೆಸರು ಹೇಳಿ ಓದಿಸಿದ ಮ್ಯಾಲೆ ಅವರ ಪಾಲು ಅವರಿಗೆ ಮುಟ್ಟತೈತಿ. ಆಮ್ಯಾಲ ದೀಪ ಹಚ್ಚೂದ್ರೊಳಗ ಹಂಚಿಬಿಡಬೇಕು. ಮನ್ಯಾಗ ಒಂದ ಚೂರೂ ಇಟ್ಕೊಬಾರದು. ನಮ್ಮತ್ತಿ ಹಂಗ ಹೇಳ್ತಿದ್ಲು.”

“ನಾನೂ ಓದಿಸಬಹುದೇನು?”

“ಓದಸವಾ. ದೇವರ ಹೆಸರ ಹೇಳಾಕ ಯಾರ ಅಪ್ಪಣಿ ಬೇಕು? ಹೊತ್ತ ಮುಣಗೂದ್ರಾಗ ತಟ್ಟಿ ತಗೊಂಡ ಬಾ.”

ಅವರ ಪಾಲು ಅವರಿಗೆ ಮುಟ್ಟುತ್ತದೆ! ನಾನು ಕೇಳಿದ್ದು ಅದೊಂದೇ ಮಾತು. ಯಾರ ಪಾಲು, ಯಾರಿಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಮನೆಯಲ್ಲಿ ಊರಿಗೆ ಹೋದವರ ಪಾಲು ಎತ್ತಿಡುತ್ತೇವೆ, ಅದು ಗೂಡಿನಲ್ಲೇ ಒಣಗುತ್ತದೆ. ಇವರ ಮನೆಯಲ್ಲಿ ಹೆಸರು ಹೇಳಿ ಓದಿಸಿದರೆ ಇದ್ದಲ್ಲಿಗೇ ಮುಟ್ಟುತ್ತದೆ, ಎಂಥ ಚಲೋ ಪದ್ಧತಿ ಎಂದುಕೊಂಡೆ. ಯಂಕಂಚಿಯಲ್ಲಿ ಯಾರದೋ ಬಾವಿಯ ದಂಡೆಯ ಮೇಲೆ ತಂಗಳ ರೊಟ್ಟಿ ತಿನ್ನುತ್ತಿರುವ ನಮ್ಮವರಿಗೆ ನನ್ನ ಕೈಯ ಹಲ್ವಾ ಮುಟ್ಟಲಿ ಎಂದು ಎದೆತುಂಬ ಆಸೆಯಾಯಿತು.

ಹೊತ್ತು ಮುಳುಗುವ ಮುಂಚೆ ತಟ್ಟೆಗೆ ಬಿಳಿ ಬಟ್ಟೆ ಮುಚ್ಚಿ ತೆಗೆದುಕೊಂಡು ಹೋದೆ. ಜೈತುನಬಿಯ ಪಡಸಾಲೆಯಲ್ಲಿ ಊದಿನ ಹೊಗೆ ತುಂಬಿತ್ತು. ಚಾಪೆಯ ಮೇಲೆ ಮುಲ್ಲಾ ಬಂದಗಿಸಾಬರು ಕೂತಿದ್ದರು. ಊರಾಚೆ ದರ್ಗಾದ ಹತ್ತಿರ ಇರುವ ಮುದುಕರು, ಎರಡೂ ಕಣ್ಣಿಗೆ ಪೊರೆ ಬಂದಿತ್ತು, ನಮ್ಮ ಓಣಿಯವರ ಗುರುತು ಅವರಿಗೆ ಇರಲಿಲ್ಲ. ಮುಂದೆ ಸಾಲಾಗಿ ತಟ್ಟೆಗಳು. ಒಂದೊಂದು ಹೆಸರು ಹೇಳಿ ಓದುತ್ತಿದ್ದರು. ನಾನು ಕೇಳಿದ ಹೆಸರುಗಳಲ್ಲ ಅವು. ನನ್ನ ತಟ್ಟೆಯ ಸರದಿ ಬಂದಾಗ ಜೈತುನಬಿ ಒಳಗೆ ಒಲೆಯ ಮುಂದಿದ್ದಳು.

“ನಿಂದು ಯಾರ ಹೆಸರ್ಲೆ ಓದ್ಲಿ ಯವ್ವಾ?”

ಮದುವೆಯಾಗಿ ಹತ್ತು ವರ್ಷವಾದರೂ ನಾನು ಅವರ ಹೆಸರನ್ನು ನೇರವಾಗಿ ಬಾಯಿಂದ ಆಡಿದವಳಲ್ಲ. ಮದುವೆಯಲ್ಲಿ, ಬಸುರಿಯರ ಕುಬಸದಲ್ಲಿ ಹೆಂಗಸರು ಅಡ್ಡಗಟ್ಟಿ ಕಾಡಿದಾಗ ಎಲ್ಲರ ಹಾಗೆ ಪ್ರಾಸ ಕೂಡಿಸಿ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ಸೆರಗು ಮುಚ್ಚಿ ನಕ್ಕು ಓಡಿದ್ದುಂಟು. ಬರೀ ಹೆಸರು, ಬತ್ತಲೆ ಹೆಸರು, ಎಂದೂ ಹೇಳಿರಲಿಲ್ಲ. ಸುತ್ತ ನೋಡಿದೆ. ಮುದುಕರನ್ನು ಬಿಟ್ಟರೆ ಯಾರೂ ಇರಲಿಲ್ಲ.

“ಶಂಕರೆಪ್ಪ” ಎಂದೆ.

“ಅವರ ಅಪ್ಪನ ಹೆಸರು?”

“ಚನ್ನಬಸಪ್ಪ.”

ಮುದುಕರು ನನ್ನ ಕಡೆ ಮುಖ ಎತ್ತಿದರು. ಆ ಬಿಳಿ ಕಣ್ಣುಗಳಲ್ಲಿ ಮರುಕ ಕಂಡಿತು. ಯಾಕೆಂದು ನನಗೆ ತಿಳಿಯಲಿಲ್ಲ. ಓದಿದರು, ಊದಿದರು, ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಮನೆಗೆ ಬಂದು ಓಣಿಯವರಿಗೆ ಹಂಚಿದೆ. ನಾನೂ ಒಂದು ಚೂರು ತಿಂದೆ. ಚಲೋ ಆಗಿತ್ತು, ಹೂರಣದ ಅಕ್ಕನ ಹಾಗೆ. ಎಲ್ಲ ಹಂಚಬೇಕು ಎಂದಿದ್ದಳು ಜೈತುನಬಿ. ಆದರೆ ಅವರ ಪಾಲು ಎತ್ತಿಡದೆ ಹೇಗಿರಲಿ? ಇದ್ದಲ್ಲಿಗೆ ಮುಟ್ಟಿದ್ದು ಮುಟ್ಟಲಿ, ಬಂದ ಮೇಲೂ ತಿನ್ನಲಿ ಎಂದು ನಾಲ್ಕು ಚೂರನ್ನು ಹಿತ್ತಾಳೆ ಬಟ್ಟಲಿಗೆ ಹಾಕಿ ಗೂಡಿನಲ್ಲಿಟ್ಟೆ.

ಮರುದಿನ ಒಂದು ವಿಚಿತ್ರ ನೋಡಿದೆ. ನಮ್ಮ ಮನೆಯಲ್ಲಿ ಇರುವೆಗಳ ಕಾಟ ಬಹಳ. ಸಾಲುಗಟ್ಟಿ ಗೋಡೆ ಏರಿ ಬಂದ ಇರುವೆಗಳು ಗೂಡಿನ ಅಂಚಿಗೆ ಬಂದು ನಿಂತವು. ನಿಂತು, ಬಳಸಿಕೊಂಡು, ಮೇಲೆ ಹೋದವು. ಶನಿವಾರವೂ ಹಾಗೇ. ಹಾಲು ಹಾಕಿದ ಸಿಹಿ ಆ ಬಿಸಿಲಿನಲ್ಲಿ ಮೂರು ದಿನ ಕೆಡಲಿಲ್ಲ, ಹುಳಿ ವಾಸನೆ ಬರಲಿಲ್ಲ. ನನ್ನ ಕೈಗುಣ ಎಂದು ಹಿಗ್ಗಿದೆ. ನನ್ನ ಜಂಬಕ್ಕೆ ಬೆಂಕಿ ಬೀಳಲಿ!

ನಮ್ಮವರು ರವಿವಾರ ಮಧ್ಯಾಹ್ನ ಬಂದರು. ಬಟ್ಟಲು ಮುಂದಿಟ್ಟೆ. ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಇದರದ ವಾಸನಿ” ಎಂದರು. “ಗುರುವಾರ ಹೊತ್ತು ಮುಣಗೂವಾಗ ಬಾವ್ಯಾಗ ಇಳದಿದ್ನಿ. ಒಮ್ಮಿಂದೊಮ್ಮೆಲೆ ತುಪ್ಪದ ವಾಸನಿ, ಊದಿನ ವಾಸನಿ. ನೀ ನನ್ನ ಹೆಸರು ಹಿಡದು ಕರದ್ಹಂಗಾತು ನೋಡು! ತಿರುಗಿ ನೋಡಿದ್ರ ಯಾರೂ ಇಲ್ಲ. ಆವಾಗಿಂದ ಹಸಿವ ಇಲ್ಲ.”

ನನ್ನ ಮೈ ಜುಮ್ಮೆಂದಿತು. ಆದರೆ ಆ ಜುಮ್ಮಿನಲ್ಲಿ ಅರ್ಧ ಸಂತೋಷವಿತ್ತು. ಮುಟ್ಟಿತಲ್ಲ! ಅವರು ನಾಲ್ಕೂ ಚೂರು ತಿಂದರು, ಬಟ್ಟಲನ್ನು ಬೆರಳಿನಿಂದ ಬಳಿದರು, ಅಂಚಿಗೆ ಎರಡು ಬೆರಳು ತಾಗಿಸಿದರು.

“ಇನ್ನೊಂದೀಟು ನೀಡು.”

ಉಳಿದಿರಲಿಲ್ಲ. ನಾಳೆ ಮಾಡುತ್ತೇನೆ ಎಂದೆ. ಮರುದಿನ ಮಾಡಿದೆ, ಅದೇ ಬೇಳೆ, ಅದೇ ಹಾಲು, ಅದೇ ತುಪ್ಪ. ಅವರು ಬಾಯಿಗಿಟ್ಟು, ಅಗಿದು, ಮೆಲ್ಲಗೆ ತೆಗೆದು ತಟ್ಟೆಯ ಬದಿಗಿಟ್ಟರು. “ಇದು ಅದಲ್ಲ” ಎಂದರು.

ಆ ದಿನದಿಂದ ಯಾವುದೂ ಅವರ ಗಂಟಲಲ್ಲಿ ಇಳಿಯಲಿಲ್ಲ. ರೊಟ್ಟಿ ಇಟ್ಟೆ, ಎಣ್ಣೆಗಾಯಿ ಮಾಡಿದೆ, ಶೇಂಗಾ ಹೋಳಿಗೆ ಮಾಡಿದೆ, ಮಾದಲಿ ಮಾಡಿದೆ. ತಟ್ಟೆಯ ಮುಂದೆ ಕೂರುತ್ತಿದ್ದರು, ತುತ್ತು ಎತ್ತುತ್ತಿದ್ದರು, ಬಾಯಲ್ಲಿ ಒಂದಿಷ್ಟು ಹೊತ್ತು ಇಟ್ಟುಕೊಂಡು ತೆಗೆಯುತ್ತಿದ್ದರು. “ಹೊಟ್ಟಿ ತುಂಬೇತಿ” ಎನ್ನುತ್ತಿದ್ದರು. ಬೇಸರವಿಲ್ಲ, ಸಿಟ್ಟಿಲ್ಲ, ಯಾರದೋ ಮನೆಗೆ ಬಂದ ಅತಿಥಿಯ ಹಾಗೆ ನಯವಾಗಿ. ನೀರು ಮಾತ್ರ ಕುಡಿಯುತ್ತಿದ್ದರು. ಒಂದು ವಾರದಲ್ಲಿ ಅಂಗಿ ಜೋತುಬಿತ್ತು. ವೈದ್ಯರು ನಾಡಿ ಹಿಡಿದು, ಸಿಗುತ್ತಿಲ್ಲ ಎಂದು ಎರಡು ಸಲ ಕೈ ಬದಲಿಸಿ, ಕಷಾಯ ಕೊಟ್ಟು ಹೋದರು.

ಇನ್ನೊಂದು ಸಂಗತಿಯನ್ನು ನಾನು ತಡವಾಗಿ ಗಮನಿಸಿದೆ. ಜನ ಅವರನ್ನು ನೋಡುತ್ತಿರಲಿಲ್ಲ. “ಚಾದಂಗಡ್ಯಾಂವ್ಗ ಮೂರ ಸಲ ಕೂಗಿದ್ನಿ, ಹೊಳ್ಳಿ ನೋಡ್ಲಿಲ್ಲ ಮಗಾ” ಎಂದು ಅವರೇ ನಕ್ಕು ಹೇಳಿದರು. ಎಂಜಿನ್ ಕೆಟ್ಟ ರೈತನೊಬ್ಬ ನಮ್ಮ ಮನೆಯ ಮುಂದೆಯೇ ನಿಂತು, ಈ ಊರಲ್ಲಿ ಮಿಸ್ತ್ರಿ ಯಾರಾದರೂ ಇದ್ದಾರೆಯೇ ಎಂದು ಎದುರು ಮನೆಯವರನ್ನು ಕೇಳಿದ. ನಮ್ಮವರು ಕಟ್ಟೆಯ ಮೇಲೆ ಕೂತಿದ್ದರು. ಎದುರು ಮನೆಯವರು, ಈಗ ಯಾರೂ ಇಲ್ಲ, ಸಿಂದಗಿಗೆ ಹೋಗಿ ನೋಡು ಎಂದರು. ನಾನು ಒಳಗಿನಿಂದ ಕೇಳಿಸಿಕೊಂಡು ಕಿಡಿಕಿಡಿಯಾದೆ. ಹೊಟ್ಟೆಕಿಚ್ಚಿನ ಜನ ಎಂದು ಬೈದುಕೊಂಡೆ.

ಯುಗಾದಿಗೆ ಎರಡು ದಿನ ಇತ್ತು. ಬಳೆ ಮಾರುವ ಹುಲಿಗೆವ್ವ ಪ್ರತಿ ಯುಗಾದಿಗೆ ಓಣಿಯಲ್ಲಿ ಮೊದಲು ನನ್ನ ಮನೆಗೇ ಬರುತ್ತಿದ್ದಳು. ನನ್ನ ಕೈ ಸಣ್ಣದು, ಆ ಅಳತೆಯ ಬಳೆ ತೀರಿಹೋದರೆ ಮತ್ತೆ ಸಿಗುವುದಿಲ್ಲ. ಆ ದಿನ ಬಳೆಯ ಸರಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದವಳು ನಮ್ಮ ಬಾಗಿಲು ದಾಟಿ ಮುಂದೆ ನಡೆದಳು. ನಾನು ಹೊಸ್ತಿಲಿಗೆ ಬಂದು ಕರೆದೆ.

“ಏ ಹುಲಿಗೆವ್ವಾ! ಕಣ್ಣ ಎಲ್ಲಿ ಅದಾವ?”

ಅವಳು ತಿರುಗಿದಳು. ಹೊಸ್ತಿಲಿಗೆ ಬರಲಿಲ್ಲ, ಕಟ್ಟೆಯ ಬದಿಗೇ ನಿಂತಳು. ನಮ್ಮವರು ಕಟ್ಟೆಯ ಮೇಲಿದ್ದರು, ಅವಳ ಸೀರೆಯ ಸೆರಗು ಅವರ ಮೊಳಕಾಲಿಗೆ ತಾಗುವಷ್ಟು ಹತ್ತಿರ. ಅವಳು ನನ್ನ ಎರಡು ಕೈಗಳನ್ನು ನೋಡಿ ತುಟಿ ಕಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂತು.

“ನಮ್ಮವ್ವಾ” ಎಂದಳು, “ಕೈಯಾನ ಬಳಿ ಇನ್ನೂ ತಗದಿಲ್ಲೇನು?”

ನಮ್ಮವರು ನಗುನಗುತ್ತ ಅವಳ ಮುಖವನ್ನೇ ನೋಡುತ್ತಿದ್ದರು. ನಾನು ಬಾಗಿಲು ಹಿಡಿದುಕೊಂಡೆ. ಆಮೇಲೆ ಹಿತ್ತಲಿಗೆ ಓಡಿ ಗೋಡೆಯ ಮೇಲಿನಿಂದಲೇ ಜೈತುನಬಿಯನ್ನು ಕೂಗಿದೆ. ಎಲ್ಲ ಹೇಳಿದೆ, ಹೆಸರು ಹೇಳಿದ್ದು, ಪಾಲು ಎತ್ತಿಟ್ಟದ್ದು, ಇರುವೆ, ಬಳೆ. ಕೇಳುತ್ತ ಕೇಳುತ್ತ ಅವಳ ಮುಖದ ಬಣ್ಣ ಇಳಿಯಿತು.

“ಯಾ ಅಲ್ಲಾ! ಅವು ಸತ್ತೋರ ತಟ್ಟಿ, ಬಾಳವ್ವಾ. ನಮ್ಮ ಮಾವ, ನಮ್ಮತ್ತಿ, ನಾ ಕಳಕೊಂಡ ಕೂಸು, ಅವರ ಹೆಸರ್ಲೆ ಓದಿಸ್ತೇವಿ. ನೀ ಸತ್ತ ನಿಮ್ಮಪ್ಪನ ಹೆಸರು ಹೇಳ್ತಿ ಅಂತ ತಿಳದಿದ್ನಿ ನಾ. ಬದುಕಿದ ಗಂಡನ ಹೆಸರು ಯಾರರ ಹೇಳ್ತಾರೇನು?”

ಇಬ್ಬರೂ ಗೋಡೆಯ ಆಚೆ ಈಚೆ ನಿಂತು ಅತ್ತೆವು. ಆಮೇಲೆ ಆಕೆ ತಲೆಯ ಮೇಲೆ ಸೆರಗು ಹೊದ್ದು, ನಡಿ ಎಂದಳು.

ಬಂದಗಿಸಾಬರು ದರ್ಗಾದ ಬೇವಿನ ಗಿಡದ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದರು. ಜೈತುನಬಿ ಹೇಳಿ ಮುಗಿಸುವವರೆಗೆ ಅವರ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ಹಗ್ಗ ಕೆಳಗಿಟ್ಟರು.

“ನಿಮ್ಮ ಮಂದ್ಯಾಗ ಹೆಣ್ಣಮಗಳು ಗಂಡನ ಹೆಸರು ಆಡಂಗಿಲ್ಲ. ನೀ ನೆಟ್ಟಗ ಹೇಳಿದಿ, ನಾಚಿಕಿ ಇಲ್ಲ, ಒಡಪ ಇಲ್ಲ. ಪಾಪ, ಗಂಡ ಇಲ್ಲದಾಕಿ ಅಂತ ನಾ ತಿಳಕೊಂಡ್ನಿ. ಅರವತ್ತ ವರ್ಷ ಓದೇನಿ ತಂಗಿ. ಓದಿದ್ದನ್ನ ಹೊಳ್ಳಿ ಕೊಡ್ರಿ ಅಂತ ಯಾರೂ ಬಂದಿಲ್ಲ.”

“ಹಂಗಾದ್ರ ಇನ್ನೊಮ್ಮಿ ಓದ್ರಿ ಅಜ್ಜಾರ” ಎಂದು ನಾನು ಅವರ ಕಾಲ ಹತ್ತಿರ ಕೂತುಬಿಟ್ಟೆ. “ಓದಿದ್ದನ್ನ ಮಾತ್ರ ಅವರು ಉಣ್ತಾರ. ದಿನಾ ಓದ್ರಿ. ಉಂಡರ ಸಾಕು.”

ಮುದುಕರು ನೆಲ ತಡವಿ ಹಗ್ಗದ ತುದಿಯನ್ನು ಮತ್ತೆ ಕೈಗೆತ್ತಿಕೊಂಡರು.

“ಉಣ್ತಾನ” ಎಂದರು. “ಆದ್ರ ಆ ಕಡೀ ಕುಂತ ಉಣ್ತಾನ. ಈ ಕಡಿ ಬರಂಗಿಲ್ಲ. ಅಂಥಾ ಓದಿಕಿ ನಾ ಓದಂಗಿಲ್ಲ. ಸತ್ತೋರ ಹೆಸರ್ನ ಹೆಂಗ ಹೇಳಬೇಕಂತ ನಂಗ ಗೊತ್ತೈತಿ. ಬದುಕಿದಾಂವನ ಹೆಸರ್ನ ನೀವು ಹೆಂಗ ಹೇಳ್ತೀರಿ, ಅದು ನಿಮಗ ಗೊತ್ತು.”

ಬರುವ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿ ತಿರುಗುತ್ತಿತ್ತು. ಮನೆ ಬಾಗಿಲಿಗೆ ಬರುವ ಹೊತ್ತಿಗೆ ನನಗೆ ಹೊಳೆಯಿತು. ಬದುಕಿದ ಗಂಡನ ಹೆಸರನ್ನು ನಾವು ಹೇಳುವುದು ಒಂದೇ ರೀತಿಯಲ್ಲಿ.

ಬೇಳೆ ಕುದಿಸಿದೆ, ನೀರಿನಲ್ಲಿ, ನಮ್ಮಮ್ಮ ಕಲಿಸಿದ ಹಾಗೆ. ಬೆಲ್ಲ ಹಾಕಿ ಅರೆದು ಹೋಳಿಗೆ ಮಾಡಿದೆ. ನಮ್ಮವರನ್ನು ಕೂಡಿಸಿ ತಟ್ಟೆ ಇಟ್ಟೆ. ಅವರು ತಟ್ಟೆ ನೋಡಿದರು, ನನ್ನ ನೋಡಿದರು, ನಯವಾಗಿ ನಕ್ಕರು. ಗಲ್ಲದ ಎಲುಬು ಎದ್ದಿದ್ದವು. ಬಾಗಿಲು ಪೂರ್ತಿ ತೆರೆದಿಟ್ಟೆ. ಓಣಿಯಲ್ಲಿ ಜನ ಇದ್ದರು. ಹೊಸ ಮದುಮಗಳ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಒಡಪು ಕಟ್ಟಿ ಮೆಲ್ಲಗೆ ಹೇಳಿದೆ. ಅವರು ಅಲುಗಲಿಲ್ಲ. ಆಗ ಸಿಟ್ಟು ಬಂತು ನನಗೆ, ನನ್ನ ಮೇಲೆ, ಅವರ ಮೇಲೆ, ಊರಿನ ಮೇಲೆ. ಓಣಿಯ ತುದಿಗೆ ಕೇಳುವಂತೆ ಕೂಗಿದೆ.

“ಕಡ್ಲಿಬ್ಯಾಳಿ ಕುದಿಸೇನಿ, ಬೆಲ್ಲ ಹಾಕಿ ಅರದೇನಿ, ಬಾಗಲ ಪೂರಾ ತೆರದೇನಿ, ಶಂಕರೆಪ್ಪರ ಹೆಸರ ಹೇಳಿ ಹೋಳಿಗಿ ನೀಡಾಕ ನಿಂತೇನಿ!”

ಹೊರಗೆ 'ಕಿಸಕ್' ಎಂದು ಯಾರೋ ನಕ್ಕರು. ನಮ್ಮವರು ತಲೆ ಎತ್ತಿದರು. ನಿದ್ದೆಯಿಂದ ಎದ್ದವರ ಹಾಗೆ ಸುತ್ತ ನೋಡಿ, ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿ ಬಾಯಿಗಿಟ್ಟುಕೊಂಡರು. ಅಗಿದರು. ಗಂಟಲು ಏರಿ ಇಳಿದದ್ದನ್ನು ನನ್ನ ಎರಡು ಕಣ್ಣಿಂದ ನೋಡಿದೆ. ಎರಡು ಹೋಳಿಗೆ ಮುಗಿದವು. ಎರಡು ಬೆರಳು ತಟ್ಟೆಯ ಅಂಚಿಗೆ ಬಂದವು.

“ಇನ್ನೊಂದೀಟು ನೀಡು.”

ನಾನು ನೆಲಕ್ಕೆ ಕುಸಿದು ಅತ್ತೆ. ಅಳುತ್ತಲೇ ನೀಡಿದೆ. ಆಗಲೇ ಬಾಗಿಲಲ್ಲಿ ನೆರಳು ಬಿತ್ತು. ಹುಲಿಗೆವ್ವ ಬಳೆಯ ಸರ ಇಳಿಸುತ್ತಿದ್ದಳು. “ಏನವ್ವಾ, ಗಂಡಗ ಒಡಪ ಹೇಳಿ ಉಣಸ್ತೀಯಲ್ಲ! ಕೈ ತಾ ಇಲ್ಲಿ, ನಿನ್ನ ಅಳತೀವು ಹಸರ ಬಳಿ ತಂದೇನಿ” ಎಂದಳು. ನಮ್ಮವರನ್ನು ನೋಡಿ ಸೆರಗು ಸರಿ ಮಾಡಿಕೊಂಡಳು. ಮುಂಜಾನೆ ಆಡಿದ ಮಾತು ಅವಳಿಗೆ ನೆನಪೇ ಇರಲಿಲ್ಲ.

ಇದು ಒಂದು ದಿನಕ್ಕೆ ಮುಗಿಯುವುದಲ್ಲ ಎಂದು ಅದೇ ಸಂಜೆ ಗೊತ್ತಾಯಿತು. ಒಡಪಿಲ್ಲದೆ ತಟ್ಟೆ ಇಟ್ಟೆ, ಅವರು ಸುಮ್ಮನೆ ಕೂತರು. ಇರುವೆಗಳು ತಟ್ಟೆಯವರೆಗೆ ಬಂದು ಬಳಸಿಕೊಂಡು ಹೋದವು. ಒಡಪು ಹೇಳಿದ ಮೇಲೆ ಉಂಡರು. ಅಂದಿನಿಂದ ಹತ್ತು ವರ್ಷ, ದಿನಕ್ಕೆ ಎರಡು ಒಡಪು. ರೊಟ್ಟಿಯ ಮೇಲೆ ಕಟ್ಟಿದೆ, ಬದನೆಕಾಯಿಯ ಮೇಲೆ ಕಟ್ಟಿದೆ, ಎಂಜಿನ್ನಿನ ಮೇಲೂ ಕಟ್ಟಿದೆ. ಊರು ನನಗೆ ಒಡಪಿನ ಬಾಳವ್ವ ಎಂದು ಹೆಸರಿಟ್ಟಿತು. ನಾಚಿಕೆಗೇಡಿ ಎಂದವರೂ ಇದ್ದಾರೆ. ಅನ್ನಲಿ. ನನ್ನ ಗಂಡ ಬಾವಿಗಳಿಗೆ ಎಂಜಿನ್ ಕೂಡಿಸುತ್ತಾರೆ, ಚಾದಂಗಡಿಯವನು ಕರೆದು ಚಹಾ ಕೊಡುತ್ತಾನೆ. ಪರವೂರಿನ ಕೆಲಸ ಮಾತ್ರ ಬಿಡಿಸಿದೆ.

ಒಮ್ಮೆ ನನಗೆ ಜ್ವರ ಬಂದು ಮೂರು ದಿನ ಬಾಯಿ ಬಿಡಲಾಗಲಿಲ್ಲ. ಜೈತುನಬಿ ಬಂದು ಅವರಿಗೆ ಅಣ್ಣಾ ಎಂದು ಕೂಗಿ, ಹೆಸರು ಹಿಡಿದು ಕೂಗಿ, ನಾನು ಹೇಳುತ್ತಿದ್ದ ಒಡಪುಗಳನ್ನೇ ಹೇಳಿ ನೋಡಿದಳು. ಅವರು ತಿರುಗಿ ನಕ್ಕರು, ಉಣ್ಣಲಿಲ್ಲ. ಮೂರನೆಯ ದಿನ ಹಾಲಿನವನು ಬಂದು, ನೀವೊಬ್ಬರೇ ಹೇಗೆ ಇರುತ್ತೀರಿ ಎಂದು ನನ್ನನ್ನು ಕೇಳಿದ. ಅವರನ್ನು ಕಳೆದ ಬಾಯಿಯೇ ಅವರನ್ನು ಹುಡುಕಿ ತರಬೇಕು, ಬೇರೆಯವರಿಂದ ಆಗುವುದಿಲ್ಲ.

ಈಗ ಗಂಟಲಲ್ಲಿ ಗಂಟು. ಕೊಯ್ಯದಿದ್ದರೆ ಬಹಳ ದಿನ ಉಳಿಯುವುದಿಲ್ಲ, ಕೊಯ್ದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಹೊರಡಬೇಕು. ನಮ್ಮವರು ಟ್ರಂಕು ಕಟ್ಟಿಟ್ಟಿದ್ದಾರೆ. ಆ ಓದಿಕೆಯ ಸಂಗತಿ ಅವರಿಗೆ ಏನೂ ಗೊತ್ತಿಲ್ಲ. ಹೆಂಡತಿಗೆ ಒಡಪಿನ ಹುಚ್ಚು ಎಂದಷ್ಟೇ ತಿಳಿದಿದ್ದಾರೆ.

ಇಂದು ಮಧ್ಯಾಹ್ನ ಒಂದು ಪರೀಕ್ಷೆ ಮಾಡಿದೆ. ಬಳಪ ಹಿಡಿದು ಪಾಟಿಯ ಮೇಲೆ ಒಡಪನ್ನು ದೊಡ್ಡ ಅಕ್ಷರದಲ್ಲಿ ಬರೆದು, ನಡುವೆ ಅವರ ಹೆಸರು ಬರೆದು, ತಟ್ಟೆಯ ಪಕ್ಕ ಇಟ್ಟೆ. ದನಿ ಹೋದರೂ ಕೈ ಇರುತ್ತದಲ್ಲ ಎಂಬ ಆಸೆ. ಅವರು ಪಾಟಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಓದಿದರು. ಮತ್ತೊಮ್ಮೆ ಓದಿದರು.

“ಯಾರಂವ ಇಂವ, ಶಂಕರೆಪ್ಪ?” ಎಂದು ನನ್ನನ್ನು ಕೇಳಿದರು.

ನಾನು ಪಾಟಿ ಕಸಿದುಕೊಂಡು ಒರೆಸಿದೆ. ಹರಿದ ಗಂಟಲಲ್ಲೇ ಹೇಳಿದೆ. ರಕ್ತದ ರುಚಿ ಬಂತು. ಅವರು ಉಂಡರು.

ನಾಳೆ ಬಸ್ಸು ನಾನಿಲ್ಲದೆ ಹೋಗಲಿ. ದನಿ ಇರುವವರೆಗೆ ಅವರು ನನ್ನ ಕೈಯ ಊಟ ಉಣ್ಣಲಿ, ಊರವರ ಕಣ್ಣಿಗೆ ಕಾಣಲಿ. ನಾನು ಹೋದ ಮೇಲೆ ಅವರು ಬಹಳ ದಿನ ಇರುವುದಿಲ್ಲ ಎಂದು ನನಗೆ ಗೊತ್ತು, ಅದನ್ನು ನೆನೆದರೆ ಎದೆ ಒಡೆಯುತ್ತದೆ, ಆದರೂ ಹಸಿದ ಗಂಡನ ಮುಂದೆ ಮೂಕಿಯಾಗಿ ಕೂರಲಾರೆ. ಈ ಕಾಗದವನ್ನು ಜೈತುನಬಿಗೆ ಕೊಡುತ್ತೇನೆ, ಅವಳ ಮಗಳು ಓದಿ ಹೇಳುತ್ತಾಳೆ. ಅಕ್ಕಾ, ಮುಂದಿನ ಶಬೇಬರಾತಿಗೆ ಹಲ್ವಾ ಮಾಡುವಾಗ ಎರಡು ತಟ್ಟೆ ಹೆಚ್ಚಿಗೆ ಇಡು. ಎರಡು ಹೆಸರು ಹೇಳಿಸು, ನೆಟ್ಟಗೆ, ಒಡಪಿಲ್ಲದೆ. ಆಗ ಯಾವ ತಪ್ಪೂ ಆಗುವುದಿಲ್ಲ. ಓದಿದ ಮೇಲೆ ದೀಪ ಹಚ್ಚುವುದರೊಳಗೆ ಎಲ್ಲ ಹಂಚಿಬಿಡು, ಒಂದು ಚೂರೂ ಇಟ್ಟುಕೊಳ್ಳಬೇಡ.

ಹೊತ್ತು ಇಳಿಯುತ್ತಿದೆ. ನಮ್ಮವರು ಕೈಕಾಲು ತೊಳೆದು ಬಂದು ಕೂತರು. ರೊಟ್ಟಿ ಬಿಸಿಯಾಗಿವೆ. ಒಡಪು ಇನ್ನೂ ಕಟ್ಟಿಲ್ಲ.